'ಖಾತ್ರಿ' ಯಾವಾಗ ಹುಟ್ಟಿತು ಅಂತ ಕೇಳಿ

ಸಿಟಿಜನ್‌ಶಿಪ್ ತಗೊಂಡ ನಮ್ಮವರಿಗೆ ಕುಕ್ ಕೌಂಟಿಯಿಂದಲೋ ವೇನ್ ಕೌಂಟಿಯಿಂದಲೋ ಜ್ಯೂರಿ ಡ್ಯೂಟಿ ಪತ್ರ ಬರುವುದುಂಟು. ಅಲ್ಲಿ ಸಾಕ್ಷಿಯೊಬ್ಬರು ಆರೋಪಿಯ ಕಡೆ ಬೆರಳು ತೋರಿಸಿ "ಇವನೇ, ನೂರಕ್ಕೆ ನೂರು" ಅಂದರೆ ನಂಬಿಬಿಡ್ತೀರಿ. ನಂಬಬೇಡಿ. ಸಾಕ್ಷಿ ಸುಳ್ಳು ಹೇಳ್ತಾರೆ ಅಂತಲ್ಲ. ಆ ಖಾತ್ರಿ ಯಾವಾಗ ಹುಟ್ಟಿತು ಅನ್ನೋದು ಅವರಿಗೇ ಗೊತ್ತಿರಲ್ಲ.

1998ರಲ್ಲಿ ಗ್ಯಾರಿ ವೆಲ್ಸ್ ಮತ್ತು ಏಮಿ ಬ್ರ್ಯಾಡ್‌ಫೀಲ್ಡ್ ಪ್ರಕಟಿಸಿದ ಪ್ರಯೋಗ ನೋಡಿ. ಜನರಿಗೆ ಬಂದೂಕುಧಾರಿಯೊಬ್ಬನ ವಿಡಿಯೋ ತೋರಿಸಿ, ಆಮೇಲೆ ಕೆಲವು ಫೋಟೋ ಕೊಟ್ಟರು. ಆ ಫೋಟೋಗಳಲ್ಲಿ ಅವನು ಇರಲೇ ಇಲ್ಲ. ಎಲ್ಲರೂ ಯಾರನ್ನೋ ಆರಿಸಿದರು, ಅಂದರೆ ಎಲ್ಲರದ್ದೂ ತಪ್ಪು. ಕೆಲವರಿಗೆ ಮಾತ್ರ 'ಸರಿಯಾಗಿ ಗುರುತಿಸಿದಿರಿ' ಅಂದರು. ಅಷ್ಟೇ ಸಾಕಾಯ್ತು. ಆರಿಸುವಾಗಲೇ ನಮಗೆ ಖಾತ್ರಿ ಇತ್ತು, ಮುಖವೂ ಚೆನ್ನಾಗಿ ಕಂಡಿತ್ತು ಅಂತ ಅವರು ಉಳಿದವರಿಗಿಂತ ಜಾಸ್ತಿ ಹೇಳಿದರು.

ಹಾಗಂತ 'ನೆನಪೆಲ್ಲ ಕಟ್ಟುಕಥೆ' ಅನ್ನುವವರ ಜೊತೆಗೂ ನಾನಿಲ್ಲ. (ಪಾಡ್‌ಕಾಸ್ಟ್‌ಗಳಲ್ಲಿ ಅವರ ಕಾಟವೇ ಹೆಚ್ಚು.) ಜಾನ್ ವಿಕ್ಸ್ಟೆಡ್ ಮತ್ತು ಇದೇ ವೆಲ್ಸ್ 2017ರಲ್ಲಿ ತೋರಿಸಿದ್ದು ಬೇರೆ: ಸರಿಯಾಗಿ ನಡೆಸಿದ ಮೊದಲ ಪರೀಕ್ಷೆಯಲ್ಲಿ, ಯಾರೂ ತಲೆಯಾಡಿಸುವ ಮುಂಚೆ ಹೇಳಿದ ಖಾತ್ರಿಗೂ ನಿಖರತೆಗೂ ಗಟ್ಟಿ ಸಂಬಂಧವಿದೆ. ಮಾಡೆಲ್ ಕಟ್ಟುವ ಕೆಲಸದಲ್ಲೂ ಅಷ್ಟೇ, ಉತ್ತರ ನೋಡಿದ ಮೇಲೆ ಕೊಟ್ಟ ಅಂಕಕ್ಕೆ ಬೆಲೆಯಿಲ್ಲ.

ಇಲಿನಾಯ್ ಇದನ್ನು ಅರ್ಧ ಒಪ್ಪಿದೆ. 2015ರಿಂದ ಅಲ್ಲಿನ ಪೊಲೀಸರು ಗುರುತಿಸಿದ ಕ್ಷಣದಲ್ಲೇ ಸಾಕ್ಷಿಯ ಖಾತ್ರಿಯನ್ನು ಅವರದೇ ಮಾತಲ್ಲಿ ದಾಖಲಿಸಬೇಕು. ಶಿಕಾಗೊದ ಲೆರ್ಮಾ ಕೊಲೆ ಪ್ರಕರಣದಲ್ಲಿ ಕಣ್ಣಾರೆ ಕಂಡವರ ಮಾತು ಬಿಟ್ಟರೆ ಭೌತಿಕ ಪುರಾವೆ ಇರಲಿಲ್ಲ. ನೆನಪಿನ ತಜ್ಞರನ್ನು ಜ್ಯೂರಿ ಮುಂದೆ ಬರದಂತೆ ತಡೆದದ್ದು ತಪ್ಪು ಅಂತ ರಾಜ್ಯದ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತು. ಆದರೂ ಕಟಕಟೆಯಿಂದ ಬೆರಳು ತೋರಿಸುವ ನಾಟಕ ನಿಂತಿಲ್ಲ. ಅದನ್ನು ನಿಲ್ಲಿಸಿ, ಮೊದಲ ದಿನದ ದಾಖಲೆಯನ್ನಷ್ಟೇ ಜ್ಯೂರಿಗೆ ಕೊಡಲಿ.

ಅದೂ ಸಾಲದಿರಬಹುದು. ಡೆಟ್ರಾಯಿಟ್ ಪೊಲೀಸರು 2020ರ ಜನವರಿಯಲ್ಲಿ ರಾಬರ್ಟ್ ವಿಲಿಯಮ್ಸ್ ಅವರನ್ನು ಮಕ್ಕಳ ಕಣ್ಣೆದುರೇ ಬಂಧಿಸಿದರು. ಮುಖ ಗುರುತಿಸುವ ಸಾಫ್ಟ್‌ವೇರ್ ಅವರ ಫೋಟೋ ಹೆಕ್ಕಿತ್ತು. ಕಳ್ಳತನವನ್ನು ಕಂಡೇ ಇರದ, ಬರೀ ವಿಡಿಯೋ ನೋಡಿದ್ದ ಒಬ್ಬರು ಫೋಟೋ ಸಾಲಿನಲ್ಲಿ ಅವರನ್ನೇ ಆರಿಸಿದರು. ಯಂತ್ರ ಹುಡುಕಿ ತರುವುದೇ ಹೋಲುವ ಮುಖವನ್ನು. ಅಂಥ ಸಾಲಿನಲ್ಲಿ ಮೊದಲ ಖಾತ್ರಿಯೂ ಕೆಟ್ಟಿರುತ್ತೆ. ಯಂತ್ರದ ಹೊಂದಾಣಿಕೆಯಿಂದ ನೇರವಾಗಿ ಕಟ್ಟಿದ ಫೋಟೋ ಸಾಲನ್ನಷ್ಟೇ ನೆಚ್ಚಿ ಬಂಧಿಸುವಂತಿಲ್ಲ ಅಂತ ಡೆಟ್ರಾಯಿಟ್ ಪೊಲೀಸರು ಒಪ್ಪಿದ್ದು 2024ರಲ್ಲಿ, ವಿಲಿಯಮ್ಸ್ ಕೋರ್ಟಿಗೆ ಎಳೆದ ಮೇಲೆ.