'ಬೇಡ' ಅನ್ನೋರು ಯಾರಿದ್ದರು?

ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ದಿನಾ ಮಧ್ಯಾಹ್ನ ಒಂದೂವರೆಗೆ ಸಚಿವ ಸಂಪುಟದ ಸಭೆ ಸೇರುತ್ತೆ. ಚಪಾತಿ ಪಲ್ಯ ಮುಗಿಯೋದರೊಳಗೆ ಚೀನಾಕ್ಕೆ ಪಾಠ ಕಲಿಸಿ, ಪಾಕಿಸ್ತಾನಕ್ಕೆ ಬುದ್ಧಿ ಹೇಳಿ, ಅಮೆರಿಕಕ್ಕೆ ಎಚ್ಚರಿಕೆ ಕೊಟ್ಟು ಕೈ ತೊಳೆದಿರುತ್ತೇವೆ. ಎಲ್ಲ ಚರ್ಚೆಯ ಕೊನೆಗೂ ಬರೋ ಮಾತು ಒಂದೇ: "ಗಟ್ಟಿ ನಾಯಕ ಬೇಕು ಗುರು. ಯಾರನ್ನೂ ಕೇಳದೆ ತೀರ್ಮಾನ ತಗೊಳ್ಳೋ ಅಂಥವನು."

ಇದೇ ಜನ ಎರಡು ಗಂಟೆಗೆ ಸೀಟಿಗೆ ಹೋಗಿ ಕೂತರೆ, ಹತ್ತು ಸಾಲಿನ ಕೋಡನ್ನೂ ಇನ್ನೊಬ್ಬರ ಕಣ್ಣಿಗೆ ಬೀಳದೆ ಪ್ರೊಡಕ್ಷನ್‌ಗೆ ಬಿಡಲ್ಲ. ಬಟನ್ನಿನ ಬಣ್ಣ ಬದಲಾಯಿಸೋಕೆ ಇಬ್ಬರ ಅಪ್ರೂವಲ್ ಬೇಕು. ಸಾವಿರಾರು ಸೈನಿಕರನ್ನು ಸಮುದ್ರ ದಾಟಿಸೋಕೆ ಮಾತ್ರ ಒಬ್ಬನ ಎದೆಗಾರಿಕೆ ಸಾಕು! ನಾವು ನಂಬಿರೋ ಈ ಮಾತು ಎಷ್ಟು ದುಬಾರಿ ಅಂತ ತಿಳಿಯೋಕೆ ದೂರ ಹೋಗೋದು ಬೇಡ, 1987ಕ್ಕೆ ಹೋದರೆ ಸಾಕು.

ಆ ವರ್ಷದ ಜನವರಿಯಲ್ಲಿ ಪ್ರಧಾನಿ ರಾಜೀವ್ ಗಾಂಧಿ ದೆಹಲಿಯಲ್ಲಿ ಪತ್ರಿಕಾಗೋಷ್ಠಿ ಕರೆದಿದ್ದರು. ಒಬ್ಬ ಪತ್ರಕರ್ತನ ಪ್ರಶ್ನೆಗೆ ಉತ್ತರಿಸುತ್ತಾ, ಸದ್ಯದಲ್ಲೇ ಹೊಸ ವಿದೇಶಾಂಗ ಕಾರ್ಯದರ್ಶಿ ಬರ್ತಾರೆ ಅಂದುಬಿಟ್ಟರು. ಹಾಲಿ ಕಾರ್ಯದರ್ಶಿ ಎ.ಪಿ. ವೆಂಕಟೇಶ್ವರನ್ ಅದೇ ಸಭಾಂಗಣದಲ್ಲಿ ಕೂತಿದ್ದರು. ಅವತ್ತೇ ರಾಜೀನಾಮೆ ಕೊಟ್ಟರು. ಮುಲಾಜಿಲ್ಲದೆ ಮಾತಾಡೋ ಅಧಿಕಾರಿ ಅಂತ ಅವರಿಗೆ ಹೆಸರಿತ್ತು. ಅಂಥವರಿಗೇ ಹೀಗಾದರೆ, ನೋಡ್ತಾ ಕೂತಿದ್ದ ಉಳಿದವರು ಏನು ಕಲಿತಿರಬಹುದು, ನೀವೇ ಹೇಳಿ.

ಆರು ತಿಂಗಳ ನಂತರ, ಜುಲೈ 29ಕ್ಕೆ, ಕೊಲಂಬೊದಲ್ಲಿ ರಾಜೀವ್ ಮತ್ತು ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಉದ್ದೇಶ ಕೆಟ್ಟದ್ದಾಗಿರಲಿಲ್ಲ. ತಮಿಳರಿಗೆ ಪ್ರಾಂತೀಯ ಪರಿಷತ್ತು ಸಿಗಬೇಕು, ಉಗ್ರರು ಶಸ್ತ್ರ ಒಪ್ಪಿಸಬೇಕು, ದ್ವೀಪ ಶಾಂತವಾಗಬೇಕು. ಆದರೆ ಶಸ್ತ್ರ ಒಪ್ಪಿಸಬೇಕಾಗಿದ್ದ ಎಲ್‌ಟಿಟಿಇಯ ಸಹಿಯೇ ಅದರಲ್ಲಿ ಇರಲಿಲ್ಲ. ಪ್ರಭಾಕರನ್‌ನನ್ನು ದೆಹಲಿಯ ಅಶೋಕ ಹೋಟೆಲಿನಲ್ಲಿ ಇರಿಸಿ, ಹೇಗೋ ಒಪ್ಪಿಸಿದ್ದೇವೆ ಅಂದುಕೊಂಡರು. ಕೊಲಂಬೊದಲ್ಲಿ ಗಲಭೆ ಎದ್ದಿತ್ತು. ಸೇನೆ ಕಳಿಸಿ ಅಂತ ಜಯವರ್ಧನೆ ಕೇಳಿದರು. ಮರುದಿನವೇ ನಮ್ಮ ಸೈನಿಕರು ಜಾಫ್ನಾದಲ್ಲಿ ಇಳಿದರು.

ಯಾರನ್ನು ಕೇಳಿ ಕಳಿಸಿದರು? ಆಗ ವಿದೇಶಾಂಗ ಖಾತೆಯ ರಾಜ್ಯ ಸಚಿವರಾಗಿದ್ದ ನಟವರ್ ಸಿಂಗ್ 2014ರಲ್ಲಿ ಬಂದ ತಮ್ಮ ಆತ್ಮಕತೆಯಲ್ಲಿ ಬರೆದಿದ್ದಾರೆ: ಸಂಪುಟದ ಸಹೋದ್ಯೋಗಿಗಳನ್ನು ಕೇಳದೆಯೇ ರಾಜೀವ್ ಈ ನಿರ್ಧಾರ ತಗೊಂಡಿದ್ದರು ಅಂತ. ಎಲ್‌ಟಿಟಿಇ ತಿರುಗಿಬಿದ್ದರೂ ಅದನ್ನು ಬಗ್ಗಿಸೋದು ಕೆಲವು ವಾರಗಳ ಕೆಲಸ ಅಂತ ಸೇನಾ ಮುಖ್ಯಸ್ಥ ಜನರಲ್ ಸುಂದರ್‌ಜಿ ಭರವಸೆ ಕೊಟ್ಟಿದ್ದರು ಅಂತ, ಕೊಲಂಬೊದಲ್ಲಿ ನಮ್ಮ ಹೈಕಮಿಷನರ್ ಆಗಿದ್ದ ಜೆ.ಎನ್. ದೀಕ್ಷಿತ್ ಬರೆದಿದ್ದಾರೆ.

ಆ ಕೆಲವು ವಾರ ಮುಗಿದಿದ್ದು 1990ರ ಮಾರ್ಚ್‌ನಲ್ಲಿ. ಶಾಂತಿ ಕಾಯೋಕೆ ಹೋದ ಪಡೆ ಅಕ್ಟೋಬರಿನ ಹೊತ್ತಿಗೆ ಯುದ್ಧ ಮಾಡ್ತಾ ಇತ್ತು. ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ರಾತ್ರಿ ಹೆಲಿಕಾಪ್ಟರಿನಿಂದ ಇಳಿಸಿದ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರಲ್ಲಿ 29 ಜನ ಸತ್ತರು. ಒಟ್ಟು ಸುಮಾರು 1,200 ಭಾರತೀಯ ಸೈನಿಕರು ಅಲ್ಲಿ ಪ್ರಾಣ ಬಿಟ್ಟರು. ಜಾಫ್ನಾದ ಸಾಮಾನ್ಯ ಜನ ಕಂಡ ಸಾವು ಬೇರೆ. 1991ರ ಮೇ 21ಕ್ಕೆ ಶ್ರೀಪೆರಂಬುದೂರಿನಲ್ಲಿ ಸ್ವತಃ ರಾಜೀವ್ ಇದರ ಬೆಲೆ ತೆತ್ತರು.

ನಮ್ಮೂರಲ್ಲಿ ಒಬ್ಬರು 'ಮಿಲ್ಟ್ರಿ ಮಾಮ' ಇದ್ದರು. ಲಂಕಾಕ್ಕೆ ಹೋಗಿ ಬಂದವರು. ಅರಳಿಕಟ್ಟೆ ಮೇಲೆ ಕೂತು ಕಾಶ್ಮೀರದ ಕತೆ ಎಷ್ಟು ಬೇಕಾದರೂ ಹೇಳೋರು, ಲಂಕಾದ್ದು ಮಾತ್ರ ಬಾಯಿ ಬಿಡ್ತಿರಲಿಲ್ಲ. ಒಂದೇ ಒಂದು ಸಲ ಹೇಳಿದ್ದು ನೆನಪಿದೆ: "ಯಾರ ಮೇಲೆ ಗುಂಡು ಹಾರಿಸ್ಬೇಕು ಅಂತ ನಮಗೆ ಕೊನೇವರೆಗೂ ಸರಿಯಾಗಿ ಹೇಳ್ಲೇ ಇಲ್ಲ ಕಣಪ್ಪಾ."

ಈಗ ಕ್ಯಾಂಟೀನಿನ ಗೆಳೆಯರು ಹೇಳ್ತಾರೆ: "1971 ನೋಡು. ಇಂದಿರಾ ಯಾರನ್ನು ಕೇಳಿದ್ದರು?" ಅಯ್ಯಾ, ನೀವೇ ಫಾರ್ವರ್ಡ್ ಮಾಡೋ ಕತೆಯನ್ನು ಪೂರ್ತಿ ಓದಿ. ಏಪ್ರಿಲ್‌ನಲ್ಲೇ ನುಗ್ಗೋಣ ಅಂದ ಇಂದಿರಾಗೆ 'ಈಗ ಬೇಡ, ಮಳೆಗಾಲ ಬರುತ್ತೆ, ಸೇನೆ ಸಿದ್ಧವಾಗಿಲ್ಲ' ಅಂದೆ ಅಂತ ಮಾಣೆಕ್ ಶಾ ತಾವೇ ಹೇಳಿಕೊಂಡಿದ್ದರು. ಕತೆಯ ವಿವರದ ಬಗ್ಗೆ ಕೆಲವು ಇತಿಹಾಸಕಾರರಿಗೆ ತಕರಾರಿದೆ, ಇರಲಿ. ಆದರೆ ಅದರಲ್ಲಿ ನೀವು ಚಪ್ಪಾಳೆ ತಟ್ಟೋದು ಯಾರಿಗೆ? ಪ್ರಧಾನಿ ಮುಖಕ್ಕೇ 'ಬೇಡ' ಅಂದವನಿಗೆ. ಕೇಳಿಸಿಕೊಂಡು ಡಿಸೆಂಬರ್‌ವರೆಗೆ ಕಾದ ನಾಯಕಿಯ ಗಟ್ಟಿತನ ಮಾತ್ರ ನಿಮ್ಮ ಲೆಕ್ಕಕ್ಕೆ ಬರಲ್ಲ.

ಇನ್ನೊಂದು ಉದಾಹರಣೆ ತಗೊಳ್ಳಿ. 2003ರಲ್ಲಿ ಇರಾಕ್‌ಗೆ ಒಂದು ಡಿವಿಷನ್ ಸೇನೆ ಕಳಿಸಿ ಅಂತ ಅಮೆರಿಕ ಕೇಳಿತು. ಕಳಿಸಿದರೆ ಅಮೆರಿಕದ ಸ್ನೇಹ, ದೊಡ್ಡವರ ಸಾಲಿನಲ್ಲಿ ಜಾಗ ಅಂತ ವಾದಿಸಿದವರು ಕಡಿಮೆ ಇರಲಿಲ್ಲ. ವಾಜಪೇಯಿ ಎಳೆದರು, ಅಳೆದರು. ವಿರೋಧ ಪಕ್ಷದ ನಾಯಕಿ ಸೋನಿಯಾ ಗಾಂಧಿ ಜೊತೆಗೂ ಮಾತಾಡಿದರು. ಇರಾಕ್ ಯುದ್ಧವನ್ನು ಖಂಡಿಸಿದ ಲೋಕಸಭೆಯ ನಿರ್ಣಯ ಏಪ್ರಿಲ್‌ನಲ್ಲೇ ಆಗಿತ್ತು. ಕೊನೆಗೆ ಜುಲೈ 14ಕ್ಕೆ ಭದ್ರತಾ ವ್ಯವಹಾರಗಳ ಸಂಪುಟ ಸಮಿತಿ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶ ಇಲ್ಲದೆ ಕಳಿಸಲ್ಲ ಅಂತ ತೀರ್ಮಾನಿಸಿತು. ಇದರ ಬಗ್ಗೆ ಯಾರೂ ಸಿನಿಮಾ ಮಾಡಲ್ಲ. ಹೋಗದೇ ಇದ್ದ ಯುದ್ಧದಲ್ಲಿ ಸಾಯದೇ ಇದ್ದ ಹುಡುಗರಿಗೆ ಸ್ಮಾರಕ ಇರಲ್ಲ ನೋಡಿ.

"ವಿದೇಶಾಂಗ ವಿಷಯದಲ್ಲಿ ಗುಟ್ಟು ಬೇಕು, ವೇಗ ಬೇಕು" ಅಂತೀರಾ? ಒಪ್ಪಿದೆ. ಗುಟ್ಟು ಅಂದರೆ ಊರಿಗೆಲ್ಲ ಹೇಳಬೇಡಿ ಅಂತ, ಪಕ್ಕದ ಕುರ್ಚಿಯವನನ್ನೂ ಕೇಳಬೇಡಿ ಅಂತಲ್ಲ. ನಮ್ಮ ದೇಶದಲ್ಲಿ ಸರ್ಕಾರ ಒಪ್ಪಂದಕ್ಕೆ ಸಹಿ ಹಾಕೋಕೆ ಸಂಸತ್ತಿನ ಅನುಮೋದನೆ ಕಡ್ಡಾಯವೇ ಅಲ್ಲ. ಅಮೆರಿಕದಲ್ಲಿ ಸೆನೆಟ್‌ನ ಮೂರನೇ ಎರಡರಷ್ಟು ಜನ ಒಪ್ಪಬೇಕು. ಅಲ್ಲೂ ಅಧ್ಯಕ್ಷರು ಕಳ್ಳದಾರಿ ಹುಡುಕ್ತಾರೆ, ಆದರೂ ಬಾಗಿಲು ಅಂತ ಒಂದಿದೆ. ನಮ್ಮಲ್ಲಿ ಇರೋದು ಕೋಣೆಯೊಳಗಿನ ಆ ನಾಲ್ಕಾರು ಜನರ ಬಾಯಿ ಮಾತ್ರ. ಅದನ್ನೂ ಮುಚ್ಚಿಸಿದವನನ್ನು ನಾವು ಗಟ್ಟಿಗ ಅಂತ ಕರೀತೀವಿ.

ತಪ್ಪಾದ ಮೇಲಾದರೂ ಏನಾಯ್ತು ಅಂತ ಬರೆದಿಡ್ತೀವಾ? ಸರ್ವರ್ ಹತ್ತು ನಿಮಿಷ ಬಿದ್ದರೆ ನಾವು ಪೋಸ್ಟ್‌ಮಾರ್ಟಂ ಬರೀತೀವಿ. ಇರಾಕ್ ಯುದ್ಧಕ್ಕೆ ಹೋದ ತಪ್ಪನ್ನು ಬ್ರಿಟನ್ ಚಿಲ್ಕಾಟ್ ಸಮಿತಿಯಿಂದ ತನಿಖೆ ಮಾಡಿಸಿ 2016ರಲ್ಲಿ ಜನರ ಮುಂದಿಟ್ಟಿತು. ನಾವೂ ಕಾರ್ಗಿಲ್ ಪರಿಶೀಲನಾ ಸಮಿತಿಯ ವರದಿಯನ್ನು, ಕೆಲವು ಭಾಗ ಅಳಿಸಿಯಾದರೂ, 2000ದಲ್ಲಿ ಹೊರತಂದೆವು. ಆದರೆ 1962ರ ಸೋಲಿನ ಬಗ್ಗೆ ಹೆಂಡರ್ಸನ್ ಬ್ರೂಕ್ಸ್ ಕೊಟ್ಟ ವರದಿಯನ್ನು ಯಾವ ಪಕ್ಷದ ಸರ್ಕಾರವೂ ಅಧಿಕೃತವಾಗಿ ಬಿಚ್ಚಿಟ್ಟಿಲ್ಲ. ಇದರಲ್ಲಿ ಎಲ್ಲರೂ ಒಂದೇ ಪಕ್ಷ.

ಹಾಗಾಗಿ ಮುಂದಿನ ಸಲ ಟಿವಿಯಲ್ಲಿ ಯಾರೋ 'ನಾಯಕರ ದಿಟ್ಟ ಹೆಜ್ಜೆ' ಅಂತ ಕಿರುಚಿದಾಗ, ಆ ನಾಯಕ ನಿಮ್ಮವನೇ ಇರಲಿ, ಬೇರೆಯವರ ಪಕ್ಷದವನೇ ಇರಲಿ, ಒಂದು ಪ್ರಶ್ನೆ ಕೇಳಿ: ಆ ಕೋಣೆಯಲ್ಲಿ 'ಬೇಡ' ಅನ್ನೋರು ಯಾರಿದ್ದರು? ಅಂದವನ ನೌಕರಿ ಮರುದಿನ ಉಳಿದಿತ್ತಾ? ಉತ್ತರ ಸಿಗದಿದ್ದರೆ ಚಪ್ಪಾಳೆ ಸ್ವಲ್ಪ ತಡವಾಗಿ ತಟ್ಟಿ. ದಿಟ್ಟ ಹೆಜ್ಜೆ ಇಡೋದು ನಾಯಕನಾದರೂ, ಆ ಹೆಜ್ಜೆಯ ಜೊತೆ ನಡೆದು ಹೋಗೋದು ನಮ್ಮೂರಿನ ಮಿಲ್ಟ್ರಿ ಮಾಮನಂಥವರು. ನಾನು, ನೀವು ಕ್ಯಾಂಟೀನಿನಲ್ಲೇ ಇರ್ತೀವಿ.