ನಡಿಗೆ ಮತ್ತು ಮಾತು

ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ಬಸ್ಸು ನಂದಿಕೂರಿನಲ್ಲಿ ನಿಲ್ಲುತ್ತದೆ. ವೃದ್ಧರೊಬ್ಬರು ಮೆಟ್ಟಿಲಿಗೆ ಕಾಲೆತ್ತುವ ಹೊತ್ತಿಗೆ ನಿರ್ವಾಹಕನು “ಎಲ್ಲಿಗೆ?” ಎಂದು ಕೇಳುತ್ತಾನೆ. ಎತ್ತಿದ ಕಾಲು ಅಲ್ಲಿಯೇ ತಡೆಯುತ್ತದೆ; ಉತ್ತರವೂ ಬಾರದು. “ಬೇಗ ಹತ್ತಿ ಅಜ್ಜರೇ” ಎಂಬ ಕೂಗು ಹಿಂದಿನಿಂದ ಕೇಳಿಬರುತ್ತದೆ. ಇಂಥವರನ್ನು ಕಿವುಡರೆಂದೋ ಮಂದಬುದ್ಧಿಯವರೆಂದೋ ಜನರು ಭಾವಿಸುವುದುಂಟು. ಈ ಎಣಿಕೆ ಎಷ್ಟೋ ವೇಳೆ ತಪ್ಪು. ಪಾರ್ಕಿನ್ಸನ್ ರೋಗವುಳ್ಳವರಲ್ಲಿ ಇಂಥ ತಡೆ ಅಪರೂಪವಲ್ಲ.

ಯಕ್ಷಗಾನದ ಸೀಮೆಯವರಿಗೆ ಇದರ ಮರ್ಮ ಸುಲಭವಾಗಿ ತಿಳಿದೀತು. ಭಾಗವತರು ಪದ ಹಾಡುತ್ತಾರೆ, ಜಾಗಟೆ ಬಾರಿಸಿ ತಾಳ ಹಿಡಿಯುತ್ತಾರೆ, ವೇಷಧಾರಿಯ ಹೆಜ್ಜೆಯನ್ನು ನೋಡುತ್ತಾರೆ, ಚೆಂಡೆ ಮದ್ದಳೆಯವರಿಗೆ ಸೂಚನೆಯನ್ನೂ ಕೊಡುತ್ತಾರೆ. ಗಮನವನ್ನು ನಾಲ್ಕು ಪಾಲು ಮಾಡಿದ್ದರಿಂದ ಇದು ಸಾಧ್ಯವಾದುದಲ್ಲ. ವರ್ಷಗಳ ಅಭ್ಯಾಸದಿಂದ ತಾಳವು ಕೈಗೆ ಇಳಿದಿದೆ. ಅದಕ್ಕೆ ಮನಸ್ಸಿನ ಕಾವಲು ಅಷ್ಟಾಗಿ ಬೇಕಿಲ್ಲ. ನಡಿಗೆಯೂ ಅಂಥದೇ. ಮಗು ಒಂದೊಂದು ಹೆಜ್ಜೆಯನ್ನೂ ಎಚ್ಚರದಿಂದ ಇಡುತ್ತದೆ. ಬೆಳೆದವನು ನಡೆಯುತ್ತಲೇ ಅಂಗಡಿಯ ಲೆಕ್ಕ ಹಾಕುತ್ತಾನೆ.

ಹೀಗೆ ರೂಢಿಯಾದ ಚಲನೆಗಳನ್ನು ನಡೆಸುವುದರಲ್ಲಿ ಮಿದುಳಿನ ಆಳದ ಕೆಲವು ನರಕೇಂದ್ರಗಳದು ದೊಡ್ಡ ಪಾತ್ರ. ಅವುಗಳ ಕಾರ್ಯಕ್ಕೆ ಡೋಪಮೈನ್ ಎಂಬ ರಾಸಾಯನಿಕ ಅಗತ್ಯ. ಅದನ್ನು ಒದಗಿಸುವ ಜೀವಕೋಶಗಳು ಈ ರೋಗದಲ್ಲಿ ನಶಿಸುತ್ತಾ ಹೋಗುತ್ತವೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದರ ಲಕ್ಷಣಗಳನ್ನು ವಿವರಿಸಿದನು. ಆಯುರ್ವೇದದ ಕಂಪವಾತವೂ ಇದನ್ನು ಹೋಲುತ್ತದೆ. ಕೈಯ ನಡುಕ ಎಲ್ಲರ ಕಣ್ಣಿಗೂ ಬೀಳುತ್ತದೆ. ನಡಿಗೆಯು ಶೈಶವದಲ್ಲಿದ್ದಂತೆ ಮತ್ತೆ ಗಮನವನ್ನು ಬೇಡತೊಡಗಿದೆ ಎಂಬುದು ಕಣ್ಣಿಗೆ ಬೀಳುವುದಿಲ್ಲ. ಇರುವ ಒಂದೇ ಗಮನಕ್ಕಾಗಿ ಕಾಲೂ ನಾಲಿಗೆಯೂ ಸ್ಪರ್ಧಿಸುತ್ತವೆ. ಪಾರ್ಶ್ವವಾಯು, ತಲೆಯ ಪೆಟ್ಟು ಮುಂತಾದವುಗಳ ಬಳಿಕವೂ ಇಂಥ ತೊಡಕು ಉಳಿಯಬಹುದು.

ಇದು ಬರಿಯ ಅನನುಕೂಲವಲ್ಲ, ಅಪಾಯ. ಸ್ವೀಡನ್ನಿನ ಸಂಶೋಧಕರು ವೃದ್ಧರನ್ನು ನಡೆಯುವಾಗ ಮಾತನಾಡಿಸಿ ನೋಡಿ, ಫಲಿತಾಂಶವನ್ನು 1997ರಲ್ಲಿ ಪ್ರಕಟಿಸಿದರು. ಮಾತಿಗೆಂದು ನಿಂತುಬಿಟ್ಟ 12 ಮಂದಿಯಲ್ಲಿ 10 ಮಂದಿ ಆರು ತಿಂಗಳೊಳಗೆ ಎಲ್ಲಿಯಾದರೂ ಬಿದ್ದಿದ್ದರು. ಹಾಗಿರುವಾಗ ಬಸ್ಸಿನ ಮೆಟ್ಟಿಲ ಮೇಲೆ ಪ್ರಶ್ನೆ ಕೇಳುವುದು, ಕಾಫಿಯ ಲೋಟ ಹಿಡಿದು ಬರುವ ಅಜ್ಜಿಯನ್ನು ದಾರಿಯಲ್ಲೇ ಮಾತಿಗೆಳೆಯುವುದು ಎಷ್ಟು ಸರಿ? ಅವರು ಆಸನದಲ್ಲಿ ಕುಳಿತ ಮೇಲೆಯೂ ಚೀಟಿ ಕೊಡಬಹುದು. ಬಸ್ಸಿಗೆ ತಡವಾಗುವುದು ಅರ್ಧ ನಿಮಿಷ.

ಔಷಧದ ಜೊತೆಗೆ ತಾಳವೂ ಕೆಲವರಿಗೆ ನೆರವಾಗುತ್ತದೆ. ಪಕ್ಕದಲ್ಲಿ ನಡೆಯುವ ಮೊಮ್ಮಗನು ಪ್ರಶ್ನೆ ಕೇಳುವುದನ್ನು ಬಿಟ್ಟು “ಒಂದು, ಎರಡು” ಎಂದು ಎಣಿಸಿದರೆ, ತಡೆದುನಿಂತ ಕಾಲು ಎಷ್ಟೋ ಸಲ ಮತ್ತೆ ಮುಂದಕ್ಕೆ ಬರುತ್ತದೆ.