ರಂಧ್ರಮಯ ಹರಳುಗಳು ಕಲಿಸುವ ಪಾಠ

ವಿಜ್ಞಾನವೆಂದರೆ ದೊಡ್ಡ ಊರಿನವರ ಸೊತ್ತು, ಇಂಗ್ಲಿಷ್ ಬಲ್ಲವರ ವಿದ್ಯೆ ಎಂಬ ಭಾವನೆ ನಮ್ಮ ನಾಟ್ರಾಂಪಾಳ್ಯದಂತಹ ಗಡಿ ಗ್ರಾಮಗಳಲ್ಲಿ ಬೇರೂರಿದೆ. ಕನ್ನಡದಲ್ಲಿ ಓದಿದ ಮಕ್ಕಳು ಮುಂದೆ ಸಂಶೋಧನೆ ಮಾಡಲಾದೀತೇ ಎಂದು ಪೋಷಕರು ಕೇಳುವುದುಂಟು. ಈ ಪ್ರಶ್ನೆಗೆ 2025ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದ ಕಥೆಯಲ್ಲಿ ಒಳ್ಳೆಯ ಉತ್ತರವಿದೆ. ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಸುಸುಮು ಕಿಟಗಾವಾ, ಆಸ್ಟ್ರೇಲಿಯದ ಮೆಲ್ಬರ್ನಿನ ರಿಚರ್ಡ್ ರಾಬ್ಸನ್, ಅಮೆರಿಕದ ಬರ್ಕ್ಲಿಯ ಒಮರ್ ಯಾಘಿ ಎಂಬ ಮೂವರು ಅದನ್ನು ಹಂಚಿಕೊಂಡರು. ಅವರು ಕಟ್ಟಿದ್ದು ಒಳಗೆಲ್ಲ ತೆರಪುಳ್ಳ ಹರಳುಗಳನ್ನು.

ಮದುವೆಯ ಚಪ್ಪರವನ್ನು ನೆನೆಯಿರಿ. ಗಳುಗಳನ್ನು ಗಂಟು ಹಾಕಿ ನಿಲ್ಲಿಸಿದರೆ ನಡುವೆ ಜನ ಕೂರುವಷ್ಟು ಬಯಲು ಉಳಿಯುತ್ತದೆ. ಈ ಹರಳುಗಳ ಕಟ್ಟಡವೂ ಹಾಗೆಯೇ. ಲೋಹದ ಅಯಾನುಗಳು ಗಂಟುಗಳು. ಇಂಗಾಲಯುಕ್ತ ಅಣುಗಳು ಗಳುಗಳು. ನಡುವಿನ ಬಯಲಿನಲ್ಲಿ ಅನಿಲಗಳು ಬಂದು ತಂಗುತ್ತವೆ. ಕಣ್ಣಿಗೆ ಬರಿಯ ಪುಡಿಯಂತೆ ಕಂಡರೂ, ಇವುಗಳಲ್ಲಿ ಅತ್ಯುತ್ತಮವಾದ ಕೆಲವುಗಳ ಒಂದು ಗ್ರಾಮಿನ ಒಳಮೈಯನ್ನು ಬಿಡಿಸಿ ಹಾಸಿದರೆ ಒಂದು ಎಕರೆ ಹೊಲಕ್ಕಿಂತ ಹೆಚ್ಚಾಗುತ್ತದೆ!

ರಂಧ್ರಮಯ ಹರಳುಗಳ ಉಪಕಾರ ನಮಗೆ ಹೊಸದಲ್ಲ. 2021ರಲ್ಲಿ ಕೊರೋನಾ ರೋಗಿಗಳು ಉಸಿರಿಗಾಗಿ ಪರದಾಡಿದಾಗ ಗಾಳಿಯಿಂದಲೇ ಆಮ್ಲಜನಕ ಬೇರ್ಪಡಿಸುವ ಯಂತ್ರಗಳು ಎಷ್ಟೋ ಆಸ್ಪತ್ರೆಗಳಿಗೆ ಬಂದವು. ಅವುಗಳ ಒಳಗಿದ್ದುದು ಜಿಯೊಲೈಟ್ ಎಂಬ ರಂಧ್ರಮಯ ಹರಳು. ಅದು ಗಾಳಿಯ ಸಾರಜನಕವನ್ನು ಹಿಡಿದಿಟ್ಟುಕೊಂಡು ಆಮ್ಲಜನಕವನ್ನು ಮುಂದೆ ಬಿಡುತ್ತದೆ. ಹೊಸ ಹರಳುಗಳ ವಿಶೇಷವೆಂದರೆ, ಬೇಕಾದ ಅನಿಲಕ್ಕೆ ಬೇಕಾದ ಅಳತೆಯ ಮನೆಯನ್ನು ನಾವೇ ಕಟ್ಟಬಹುದು. ಕೈಗಾರಿಕೆಗಳು ಬೆಳೆಯುವ ಮುಂಚೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸುಮಾರು 280 ಪಾಲಿದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ಮೀರಿದೆ. ಅದನ್ನು ಹೊಗೆಗೊಳವೆಯಲ್ಲೇ ಹಿಡಿಯಬೇಕು. ಸೆಗಣಿ ಅನಿಲದ ಮುಖ್ಯಾಂಶವಾದ ಮೀಥೇನನ್ನು ಕಡಿಮೆ ಒತ್ತಡದಲ್ಲಿ ಹೆಚ್ಚಾಗಿ ತುಂಬಿಡಬೇಕು. ಈ ಎರಡು ಕೆಲಸಗಳಿಗೂ ಇವು ದಾರಿ ತೋರಿವೆ. ಆದರೆ ಇವುಗಳಲ್ಲಿ ಹಲವು ಇನ್ನೂ ದುಬಾರಿ. ಕೆಲವು ತೇವ ತಗುಲಿದರೆ ಕುಸಿಯುತ್ತವೆ. ಹರಳು ಇದೆಯೆಂದು ಕಾಡು ಕಡಿಯಬಹುದೆಂದು ಯಾರೂ ತಿಳಿಯಬಾರದು.

ಇನ್ನು ಇವು ಹುಟ್ಟಿದ ಬಗೆಯನ್ನು ನೋಡಿ. 1974ರಲ್ಲಿ ರಾಬ್ಸನ್ ತಮ್ಮ ವಿದ್ಯಾರ್ಥಿಗಳ ಪಾಠಕ್ಕೆಂದು ಮರದ ಗುಂಡುಗಳಿಂದ ಅಣುಗಳ ಮಾದರಿ ಮಾಡಿಸುತ್ತಿದ್ದರು. ಗುಂಡಿನಲ್ಲಿ ತೂತು ಎಲ್ಲಿ ಕೊರೆಯುತ್ತೇವೆಯೋ ಅದೇ ಇಡೀ ಕಟ್ಟಡದ ಆಕಾರವನ್ನು ತೀರ್ಮಾನಿಸುತ್ತದೆ ಎಂಬುದು ಅವರಿಗೆ ಆಗ ಹೊಳೆಯಿತು. ಆ ಹೊಳಹು 1989ರಲ್ಲಿ ನಿಜವಾದ ಹರಳಾಯಿತು. ಕಿಟಗಾವಾ ಅವರ ಹರಳುಗಳಿಂದ ಏನು ಪ್ರಯೋಜನವೆಂದು ಹಲವರು ಮೂಗು ಮುರಿದರು; ಅವರು ಬಿಡದೆ ದುಡಿದು 1997ರಲ್ಲಿ ಅವುಗಳೊಳಗೆ ಅನಿಲ ಹೋಗಿ ಬರುವುದನ್ನು ತೋರಿಸಿದರು. ಯಾಘಿ ಬೆಳೆದದ್ದು ಜೋರ್ಡಾನಿನ ಅಮ್ಮಾನ್ ನಗರದ ನಿರಾಶ್ರಿತ ಕುಟುಂಬದಲ್ಲಿ. ಹಲವು ಮಕ್ಕಳಿಗೆ ಒಂದೇ ಕೋಣೆ, ವಿದ್ಯುತ್ತಿಲ್ಲ, ನಲ್ಲಿಯಿಲ್ಲ. ಹತ್ತನೆಯ ವಯಸ್ಸಿನಲ್ಲಿ, ಸಾಮಾನ್ಯವಾಗಿ ಬೀಗ ಹಾಕಿರುತ್ತಿದ್ದ ಶಾಲಾ ಗ್ರಂಥಾಲಯಕ್ಕೆ ಒಂದು ದಿನ ನುಸುಳಿ, ಕೈಗೆ ಸಿಕ್ಕ ಪುಸ್ತಕದಲ್ಲಿ ಅಣುಗಳ ಚಿತ್ರ ಕಂಡು ಬೆರಗಾದರು.

ಇವೆಲ್ಲ ದೂರದೇಶದ ಮಾತು ಎನ್ನಬೇಡಿ. ಹೊಸೂರು ದಾಟಿದರೆ ಸಿಗುವ ಬೆಂಗಳೂರಿನ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಕಿಟಗಾವಾ ಅವರೊಡನೆ ಕ್ಯೋಟೊದಲ್ಲಿ ಕೆಲಸ ಮಾಡಿ ಬಂದ ತಪಸ್ ಕುಮಾರ್ ಮಾಜಿ ಅಲ್ಲಿ ಇಂತಹ ಹರಳುಗಳನ್ನು ಕುರಿತು ಸಂಶೋಧನೆ ನಡೆಸಿದ್ದಾರೆ. ಆ ಕೇಂದ್ರವನ್ನು 1989ರಲ್ಲಿ ಕಟ್ಟಿದ ಭಾರತರತ್ನ ಸಿ. ಎನ್. ಆರ್. ರಾವ್ ಅವರೂ ಇದೇ ಕ್ಷೇತ್ರದಲ್ಲಿ ದುಡಿದವರು. ರಾವ್ ಅವರ ತಂದೆ ಶಾಲಾ ಇನ್‌ಸ್ಪೆಕ್ಟರ್. ಇಂಗ್ಲಿಷ್ ಚೆನ್ನಾಗಿ ಬಲ್ಲವರು. ಆದರೂ ಮಗ ಮಾತೃಭಾಷೆಯಲ್ಲಿ ಕಲಿಯಲಿ ಎಂದರು. ಮಗ ಕನ್ನಡದಲ್ಲೇ ಓದಿ ಬೆಳೆದರು.

ಆದುದರಿಂದ ನಮ್ಮ ಅಭಿಪ್ರಾಯ ಇಷ್ಟು. ನಮ್ಮ ಮಕ್ಕಳಿಗೆ ಅಡ್ಡಿಯಾಗಿರುವುದು ಕನ್ನಡವಲ್ಲ, ಬೀಗ. ಎಷ್ಟೋ ಶಾಲೆಗಳಲ್ಲಿ ಹರಿದೀತೆಂಬ ಭಯದಿಂದ ಪುಸ್ತಕಗಳು ಬೀರುವಿನಲ್ಲೇ ಹಳೆಯದಾಗುತ್ತವೆ. ಓದಿ ಹರಿದ ಪುಸ್ತಕ ಓದದೆ ಗೆದ್ದಲು ತಿಂದ ಪುಸ್ತಕಕ್ಕಿಂತ ಮೇಲು. ವಾರಕ್ಕೊಂದು ದಿನವಾದರೂ ಬೀರು ತೆರೆಯಲಿ, ಮಕ್ಕಳೇ ಆರಿಸಿಕೊಳ್ಳಲಿ. ಎರಡನೆಯದಾಗಿ, ಅಣುವಿನ ಪಾಠವನ್ನು ಬಾಯಿಪಾಠ ಮಾಡಿಸುವ ಬದಲು ಜೇಡಿಮಣ್ಣಿನ ಉಂಡೆ, ತೆಂಗಿನ ಕಡ್ಡಿಗಳಿಂದ ಮಾದರಿ ಕಟ್ಟಿಸಬೇಕು. ಇದಕ್ಕೆ ಹಣ ಬೇಡ, ಒಂದು ಗಂಟೆಯ ಬಿಡುವು ಸಾಕು. ಇಂಗ್ಲಿಷೂ ಬೇಕು, ನಿಜ. ಅದನ್ನು ಭಾಷೆಯಾಗಿ ಚೆನ್ನಾಗಿ ಕಲಿಯೋಣ. ಆದರೆ "ಏಕೆ?" ಎಂಬ ಪ್ರಶ್ನೆ ಮೊದಲು ಹುಟ್ಟುವುದು ತಾಯಿಯ ಮಾತಿನಲ್ಲಿ.

ಪೋಷಕರೇ, ಪರೀಕ್ಷೆಗೆ ಬಾರದ ಪುಸ್ತಕವನ್ನು ಮಗು ಹಿಡಿದು ಕುಳಿತರೆ "ಇದರಿಂದ ಏನು ಉಪಯೋಗ?" ಎಂದು ಗದರಬೇಡಿ. ಕಿಟಗಾವಾ ಅವರಿಗೂ ಎದುರಾದ ಪ್ರಶ್ನೆ ಅದೇ. ವಿದ್ಯಾರ್ಥಿಗಳೇ, ಬೀರು ತೆರೆದ ದಿನ ಹಿಂದೆ ನಿಲ್ಲಬೇಡಿ.